ಪಾಲಿಹೌಸ್ ಡ್ರೈಯರ್‌ಗೆ ಸೌದೆ ಒಲೆ: ಕಟ್ಟುವ ಕ್ರಮ, ಇದ್ದದ್ದನ್ನು ಸುಧಾರಿಸುವ ಬಗೆ

ಅಡಿಕೆ ಬೇಯಿಸಿ ತಟ್ಟಿಗೆ ಹರವಿದ ಮೇಲೆ ಹಿಂಗಾರು ಮಳೆ ಹಿಡಿದುಕೊಂಡರೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಶೀಟು ಹೊದಿಸಿದ ಒಣಗಿಸುವ ಮನೆ, ಇದ್ದೂ ಇಲ್ಲದಂತೆ. ಬಿಸಿಲಿನಲ್ಲಿ 50 ಡಿಗ್ರಿ ದಾಟುವ ಮನೆ, ಮೋಡ ಮುಚ್ಚಿದ ದಿನ 30ರ ಆಚೀಚೆ ನಿಂತುಬಿಡುತ್ತದೆ. ರಾತ್ರಿಯಂತೂ ಒಳಗೆ ಹೊರಗಿನಷ್ಟೇ ತಂಪು, ಹೊರಗಿಗಿಂತ ಹೆಚ್ಚು ತೇವ. ಎರಡು ರಾತ್ರಿ ಹಾಗೆ ಬಿದ್ದರೆ ಅಡಿಕೆಗೆ ಬೂಸ್ಟು ಹಿಡಿಯುತ್ತದೆ. ಆಗ ಎಲ್ಲರಿಗೂ ಹೊಳೆಯುವುದು ಒಂದು ಡ್ರಮ್ಮಿನ ಒಲೆ. ಹೊಳೆಯುವುದು ಸರಿ, ಆದರೆ ಮಲೆನಾಡಿನಲ್ಲಿ ಕಾಣುವ ಇಂಥ ಒಲೆಗಳಲ್ಲಿ ಬಹಳಷ್ಟು ಸೌದೆ ತಿನ್ನುತ್ತವೆ, ಅಡಿಕೆ ಒಣಗಿಸುವುದಿಲ್ಲ. ಒಲೆ ಚಿಕ್ಕದಾಯಿತೆಂದು ದೊಡ್ಡದು ಮಾಡಿಸುತ್ತಾರೆ. ತಪ್ಪು ಇರುವುದು ಒಲೆಯ ಗಾತ್ರದಲ್ಲಿ ಅಲ್ಲ. ಹುಟ್ಟಿದ ಬಿಸಿ ಎಲ್ಲಿ ಸೋರುತ್ತಿದೆ ಎಂದು ನೋಡದೇ ಇರುವುದರಲ್ಲಿ.

ಸೋರುವ ದಾರಿ ಮೂರು. ಒಂದು ಚಿಮಣಿ, ಎರಡು ಪ್ಲಾಸ್ಟಿಕ್ ಹೊದಿಕೆ, ಮೂರನೆಯದು ತೇವದ ಗಾಳಿ. ಮೂರನೆಯ ದಾರಿಯಲ್ಲಿ ಬಿಸಿ ಹೋಗಲೇಬೇಕು, ಏಕೆಂದರೆ ಅಡಿಕೆಯ ನೀರು ಹೊರಗೆ ಹೋಗುವುದು ಆ ಗಾಳಿಯ ಜೊತೆಗೇ. ಮೊದಲಿನ ಎರಡನ್ನು ಮುಚ್ಚಿ ಮೂರನೆಯದನ್ನು ತೆರೆಯುವುದೇ ಇಲ್ಲಿನ ಕೆಲಸವೆಲ್ಲ. ಹೆಚ್ಚಿನವರು ಮಾಡುವುದು ಇದಕ್ಕೆ ತಿರುಗಾಮುರುಗ: ಬಿಸಿ ಹೋಗಬಾರದೆಂದು ಮನೆಯ ಕಿಂಡಿಗಳನ್ನೆಲ್ಲ ಮುಚ್ಚಿ, ಚಿಮಣಿಯಲ್ಲಿ ಕೆಂಪಗೆ ಕಾದ ಹೊಗೆ ಬಿಡುತ್ತಾರೆ.

ಮೊದಲು ಲೆಕ್ಕ

ಇಲ್ಲಿ ಹೇಳುವುದು 30 × 15 ಅಡಿ ನೆಲದ, ನಡುಮಧ್ಯೆ 8-9 ಅಡಿ ಎತ್ತರದ ಪಾಲಿಹೌಸಿಗೆ. ಮನೆ ದೊಡ್ಡದಿದ್ದರೆ ಇಂಥದ್ದೇ ಎರಡು ಒಲೆ ಎರಡು ತುದಿಗೆ ಇಡುವುದು ಒಂದು ದೊಡ್ಡ ಒಲೆಗಿಂತ ಒಳ್ಳೆಯದು.

ಸುಲಿದು ಬೇಯಿಸಿದ ಹಸಿ ಅಡಿಕೆಯಲ್ಲಿ 55% ನೀರು ಎಂದು ಹಿಡಿಯೋಣ. 600 ಕೆ.ಜಿ. ಹಾಕಿ 12% ತೇವಕ್ಕೆ ಇಳಿಸಿದರೆ ಉಳಿಯುವುದು ಸುಮಾರು 305 ಕೆ.ಜಿ. ಅಂದರೆ ಹತ್ತಿರ ಹತ್ತಿರ 295 ಕೆ.ಜಿ. ನೀರು ಗಾಳಿಗೆ ಹೋಗಬೇಕು. ಒಂದು ಕೆ.ಜಿ. ನೀರು ಆವಿಯಾಗಲು ಬೇಕಾಗುವ ಶಾಖ ಸುಮಾರು 2.4 ಮೆಗಾಜೂಲ್. ಚೆನ್ನಾಗಿ ಒಣಗಿದ ಸೌದೆ ಕೆ.ಜಿ.ಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ. ಕಾಗದದ ಮೇಲೆ ಒಂದು ಕೆ.ಜಿ. ಸೌದೆ 6 ಕೆ.ಜಿ. ನೀರು ಓಡಿಸಬೇಕು. ನಿಜದಲ್ಲಿ, ಮಳೆಗಾಲದ ರಾತ್ರಿಯಲ್ಲಿ, ಒಂದು ಕೆ.ಜಿ. ನೀರು ಹೋದರೆ ಅದೇ ಒಳ್ಳೆಯ ಒಲೆ.

ಉಳಿದದ್ದು ಎಲ್ಲಿ ಹೋಯಿತು? ಈ ಒಲೆಯಲ್ಲಿ ಗಂಟೆಗೆ 6 ಕೆ.ಜಿ. ಸೌದೆ ಉರಿಸಿದರೆ ಹುಟ್ಟುವುದು 25 ಕಿಲೋವ್ಯಾಟ್. ಒಲೆ, ಕೊಳವೆ ಸರಿಯಾಗಿದ್ದರೆ ಅದರಲ್ಲಿ 15 ಮನೆಯೊಳಗೆ ಉಳಿಯುತ್ತದೆ, 10 ಚಿಮಣಿಯಲ್ಲಿ ಹೋಗುತ್ತದೆ. ಒಂದೇ ಪದರದ ಪ್ಲಾಸ್ಟಿಕ್ ಶೀಟು, ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 6 ವ್ಯಾಟ್ ಬಿಟ್ಟುಕೊಡುತ್ತದೆ. ಈ ಗಾತ್ರದ ಮನೆಗೆ 80 ಚದರ ಮೀಟರ್ ಹೊದಿಕೆ ಇರುತ್ತದೆ. ಒಳಗೆ 35, ಹೊರಗೆ 20 ಡಿಗ್ರಿ ಇದ್ದರೆ 7 ಕಿಲೋವ್ಯಾಟ್ ಪ್ಲಾಸ್ಟಿಕ್ ಮೂಲಕವೇ ಆಕಾಶಕ್ಕೆ ಹೋಯಿತು. ಒಣಗಿಸುವುದಕ್ಕೆ ಸಿಕ್ಕಿದ್ದು ಉಳಿದ 8. ರಾತ್ರಿ ಒಳಗೆ 55 ಡಿಗ್ರಿ ಮಾಡುತ್ತೇನೆಂದು ಹೊರಟವರು ಇದನ್ನು ನೆನಪಿಡಬೇಕು: ಬಿಸಿ ಏರಿದಷ್ಟೂ ಪ್ಲಾಸ್ಟಿಕ್ ತಿನ್ನುವ ಪಾಲೂ ಏರುತ್ತದೆ. ರಾತ್ರಿಗೆ ಹೊರಗಿಗಿಂತ 12-15 ಡಿಗ್ರಿ ಹೆಚ್ಚು ಇಟ್ಟುಕೊಂಡು, ಗಾಳಿ ಆಡಿಸಿದರೆ ಸಾಕು.

ಒಲೆ ಎಲ್ಲಿರಬೇಕು

ಒಲೆಯ ಬಾಯಿ ಮನೆಯ ಹೊರಗೆ, ಹೊಟ್ಟೆ ಮನೆಯ ಒಳಗೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬ್ಯಾರನ್ (ಎಲೆ ಹದಮಾಡುವ ಮನೆ) ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಬೆಂಕಿ ಹೊರಗಿನಿಂದ ಹಾಕುತ್ತಾರೆ, ತಗಡಿನ ಕೊಳವೆ ನೆಲದ ಮೇಲೆ ಸುತ್ತಿ ಹೋಗುತ್ತದೆ, ಹೊಗೆ ಎಲೆಯನ್ನು ಮುಟ್ಟುವುದೇ ಇಲ್ಲ. ಪಾಲಿಹೌಸಿಗೂ ಅದೇ ನೀತಿ. ಹೊಗೆ ತಾಗಿದ ಅಡಿಕೆಗೆ ಬಣ್ಣ ಕೆಡುತ್ತದೆ. ಕಾಳುಮೆಣಸಿಗಾದರೆ ಹೊಗೆಯ ವಾಸನೆ ಹೋಗುವುದೇ ಇಲ್ಲ, ಮೇಲಾಗಿ ಹೊಗೆಯಿಂದ ಬರುವ ಕೆಲವು ರಾಸಾಯನಿಕಗಳಿಗೆ ಐರೋಪ್ಯ ಒಕ್ಕೂಟದ ಮಾರುಕಟ್ಟೆ ಮಿತಿ ಹಾಕಿದೆ.

ಬಾಯಿ ಹೊರಗಿಟ್ಟರೆ ಇನ್ನೆರಡು ಲಾಭ. ಸೌದೆ ಹಾಕುವಾಗ ಬೂದಿ, ಹೊಗೆ ಒಳಗೆ ಬರುವುದಿಲ್ಲ. ಬೆಂಕಿಗೆ ಬೇಕಾದ ಗಾಳಿಯೂ ಹೊರಗಿನದೇ ಆಗುತ್ತದೆ, ಕಾದ ಗಾಳಿಯನ್ನು ಒಲೆ ಎಳೆದುಕೊಳ್ಳುವುದಿಲ್ಲ.

ಮನೆಯ ಒಂದು ಕಿರುಗೋಡೆಯ ನಡುವೆ, 4 ಅಡಿ ಅಗಲ 5 ಅಡಿ ಎತ್ತರಕ್ಕೆ ಪ್ಲಾಸ್ಟಿಕ್ ತೆಗೆದು ಜಂಬಿಟ್ಟಿಗೆ ಗೋಡೆ ಎಬ್ಬಿಸಿ. ಡ್ರಮ್ಮು ಈ ಗೋಡೆಯಲ್ಲಿ ಅಡ್ಡಲಾಗಿ ಮಲಗಿ, ಬಾಯಿಯ ತುದಿ 6 ಇಂಚು ಹೊರಗೆ ಇಣುಕಬೇಕು. ಡ್ರಮ್ಮಿಗೂ ಗೋಡೆಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಗ್ಲಾಸ್‌ವೂಲ್ ಹಗ್ಗ ತುಂಬಿ. ಸಿಮೆಂಟ್ ಗಾರೆಯಲ್ಲಿ ಬಿಗಿದರೆ ಕಬ್ಬಿಣ ಹಿಗ್ಗುವಾಗ ಗೋಡೆ ಬಿರುಕು ಬಿಡುತ್ತದೆ. ಹೊರಗೆ ಬಾಯಿಯ ಮೇಲೆ 6 ಅಡಿಯ ತಗಡಿನ ಮಾಡು ಬೇಕೇ ಬೇಕು. ಸೌದೆ ಹಾಕುವವರು ಮಳೆಯಲ್ಲಿ ನೆನೆಯಬಾರದು, ಸೌದೆಯೂ ನೆನೆಯಬಾರದು.

ಬೇಕಾಗುವ ಸಾಮಾನು

- 200 ಲೀಟರಿನ ಕಬ್ಬಿಣದ ಡ್ರಮ್ 1. ಕೈಯಲ್ಲಿ ಹಣವಿದ್ದರೆ ಅದೇ ಅಳತೆಗೆ 4 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಶೀಟು ಸುತ್ತಿಸಿದ್ದು
- 6 ಇಂಚಿನ ಎಂ.ಎಸ್. ಕೊಳವೆ, ಒಳಗಿನ ಓಟಕ್ಕೆ 8 ಮೀಟರ್, ಚಿಮಣಿಗೆ 5 ಮೀಟರ್
- 6 ಇಂಚಿನ ಟೀ (T ಆಕಾರದ ಕೀಲು) ಮತ್ತು ಅದಕ್ಕೆ ಬಿರಡೆ, ಚಿಮಣಿಯ ಬುಡಕ್ಕೆ
- 6 ಮಿ.ಮೀ. ದಪ್ಪದ ತಗಡು, ಡ್ರಮ್ಮಿನೊಳಗೆ ಉರಿಗೆ ತಡೆಯಾಗಿ ಕೂರುವ ಅಡ್ಡಹಲಗೆಗೆ, ಸುಮಾರು 45 × 75 ಸೆಂ.ಮೀ.
- ಒಂದೂವರೆ ಇಂಚು ದಪ್ಪದ ಬೆಂಕಿ ಇಟ್ಟಿಗೆ 30-35, ಬೆಂಕಿ ಮಣ್ಣು 25 ಕೆ.ಜಿ.
- ಒಂದೂವರೆ ಇಂಚಿನ ದಪ್ಪ ಗೋಡೆಯ ಎಂ.ಎಸ್. ಪೈಪು 2 ಮೀಟರ್
- 20 ಮಿ.ಮೀ. ಚದರ ಸರಳು, ಜಾಲರಿಗೆ
- ಬಾಗಿಲಿಗೆ 5 ಮಿ.ಮೀ. ತಗಡು, ಗ್ಲಾಸ್‌ವೂಲ್ ಹಗ್ಗ
- 12 ಇಂಚಿನ ಎಗ್ಸಾಸ್ಟ್ ಫ್ಯಾನು 1, ಒಳಗೆ ಗಾಳಿ ಆಡಿಸಲು ಇನ್ನೊಂದು
- ತಾಪ ಮತ್ತು ತೇವ ತೋರಿಸುವ ಮೀಟರ್ 2

ಜಿ.ಐ. ಕೊಳವೆ ಅಗ್ಗಕ್ಕೆ ಸಿಗುತ್ತದೆಂದು ಒಲೆಯ ಹತ್ತಿರ ಬಳಸಬೇಡಿ. ಸತುವಿನ ಲೇಪ ಕಾದು ಹೊಗೆಯಾಗುತ್ತದೆ, ಆ ಹೊಗೆ ಮನುಷ್ಯರಿಗೆ ಕೆಟ್ಟದ್ದು. ಅದೂ ಅಲ್ಲದೆ ಹೊಳೆಯುವ ಕೊಳವೆ ಕಪ್ಪು ಕೊಳವೆಯಷ್ಟು ಬಿಸಿ ಬಿಡುವುದಿಲ್ಲ.

ಹಳೆ ಡ್ರಮ್ ಗುಜರಿಯಿಂದ ತಂದಿದ್ದರೆ ಒಂದು ಮಾತು. ಅದರಲ್ಲಿ ಮೊದಲು ಡೀಸೆಲ್, ಥಿನ್ನರ್, ಆಯಿಲ್ ಏನಿತ್ತೋ ಗೊತ್ತಿರುವುದಿಲ್ಲ. ಖಾಲಿ ಕಾಣುವ ಡ್ರಮ್ಮಿನಲ್ಲಿ ಆವಿ ಉಳಿದಿರುತ್ತದೆ, ಗ್ಯಾಸ್ ಕಟ್ಟರ್ ಮುಟ್ಟಿಸಿದ ಕೂಡಲೇ ಸಿಡಿಯುತ್ತದೆ, ಜೀವ ಹೋಗುತ್ತದೆ. ಎರಡೂ ಬಿರಡೆ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಕತ್ತರಿಸುವ ಜಾಗದವರೆಗೆ ನೀರು ತುಂಬಿಸಿಯೇ ಕೆಲಸ ಶುರುಮಾಡಿ. ಏನು ತುಂಬಿತ್ತೆಂದು ಗೊತ್ತೇ ಆಗದ ಡ್ರಮ್ ಬಿಟ್ಟುಬಿಡುವುದೇ ಲೇಸು.

ಡ್ರಮ್ಮಿನ ಒಳಗೆ

ಡ್ರಮ್ಮಿನ ತಗಡು ಒಂದು ಮಿಲಿಮೀಟರಿನ ಆಸುಪಾಸು. ಬರೀ ಡ್ರಮ್ಮಿನಲ್ಲಿ ಉರಿ ಹಾಕಿದರೆ ಒಂದೆರಡು ಹಂಗಾಮಿಗೆ ಕೆಳಭಾಗ ಹಪ್ಪಳದಂತೆ ಪುಡಿಯಾಗುತ್ತದೆ. ಇಟ್ಟಿಗೆ ಅಸ್ತರಿ ಇದಕ್ಕಾಗಿ. ಕೆಳಗಿನ ಅರ್ಧ ಸುತ್ತಿಗೆ ಮಾತ್ರ ಇಟ್ಟಿಗೆ ಕೂರಿಸಿ. ಮೇಲಿನ ಅರ್ಧ ಬರಿ ತಗಡೇ ಇರಲಿ, ಬಿಸಿ ಹೊರಬರಬೇಕಾದ್ದು ಅಲ್ಲಿಂದ. ಇಡೀ ಡ್ರಮ್ಮಿಗೆ ಇಟ್ಟಿಗೆ ಕೊಟ್ಟವರ ಒಲೆಯಲ್ಲಿ ಉರಿ ಚೆಂದ, ಮನೆ ತಂಪು. ಗಾರೆಗೆ ಸಿಮೆಂಟ್ ಬೇಡ, ಉರಿಗೆ ಉದುರಿಹೋಗುತ್ತದೆ. ಬೆಂಕಿ ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, 2-3 ಮಿ.ಮೀ. ಸಂದಿನಲ್ಲಿ ಕೂರಿಸಿದರೆ ಸಾಕು. ದಪ್ಪ ಗಾರೆ ಒಣಗುವಾಗ ಸೀಳುತ್ತದೆ.

ಜಾಲರಿ ತಳದಿಂದ 6 ಇಂಚು ಮೇಲೆ, ಸರಳುಗಳ ನಡುವೆ 10-12 ಮಿ.ಮೀ. ಸಂದು. ಬೆಸುಗೆ ಹಾಕಿ ಬಿಗಿಯಬೇಡಿ, ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಮೇಲೆ ಸುಮ್ಮನೆ ಇಟ್ಟಿರಲಿ. ಬಾಗಿದ ಸರಳನ್ನು ಮಗುಚಿ ಹಾಕಲು ಬರುತ್ತದೆ.

ಅಡ್ಡಹಲಗೆಯೇ ಒಲೆಯ ಜೀವ. ಹೊಗೆ ಹೋಗುವ ತೂತು ಹಿಂದಿನ ಮುಚ್ಚಳದ ಮೇಲ್ಭಾಗದಲ್ಲಿರುತ್ತದೆ. ಹಲಗೆ ಇಲ್ಲದ ಒಲೆಯಲ್ಲಿ ಉರಿ ನೇರವಾಗಿ ಕೊಳವೆಗೆ ನುಗ್ಗುತ್ತದೆ, ಅರ್ಧ ಸುಟ್ಟ ಅನಿಲವೂ ಅದರ ಜೊತೆ. 6 ಮಿ.ಮೀ. ತಗಡನ್ನು ತೂತಿನ ಕೆಳಗೆ, ಹಿಂದಿನ ಗೋಡೆಗೆ ತಾಗಿಸಿ, ಮುಂದಕ್ಕೆ ತುಸು ಏರುವಂತೆ ಕೂರಿಸಿ. ಮುಂದಿನ ತುದಿಯಲ್ಲಿ 10-12 ಸೆಂ.ಮೀ. ಖಾಲಿ ಬಿಡಿ. ಉರಿ ಮುಂದೆ ಬಂದು, ಹಲಗೆಯ ತುದಿ ದಾಟಿ, ಮೇಲಿನಿಂದ ಹಿಂದಕ್ಕೆ ಹೋಗುತ್ತದೆ. ಅನಿಲ ಉರಿಯಲು ಹೊತ್ತು ಸಿಗುತ್ತದೆ, ಡ್ರಮ್ಮಿನ ಮೇಲ್ಮೈ ಇಡಿಯಾಗಿ ಕಾಯುತ್ತದೆ. ಬಾಗಿಲಿನ ಮೇಲಂಚು ಹಲಗೆಯ ತುದಿಗಿಂತ 8-10 ಸೆಂ.ಮೀ. ಕೆಳಗೇ ಇರಬೇಕು. ಇಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಹೊಗೆ ಮುಖಕ್ಕೆ ಹೊಡೆಯುತ್ತದೆ. ಬಾಗಿಲು 25 × 25 ಸೆಂ.ಮೀ. ಸಾಕು, ದೊಡ್ಡ ಬಾಗಿಲು ದೊಡ್ಡ ಕುಂಟೆ ತುರುಕುವ ಆಸೆ ಹುಟ್ಟಿಸುತ್ತದೆ.

ಗಾಳಿ ಎರಡು ಕಡೆಯಿಂದ ಬರಬೇಕು. ಜಾಲರಿಯ ಕೆಳಗೆ 8 × 8 ಸೆಂ.ಮೀ. ಕಿಂಡಿ, ಜಾರುವ ಮುಚ್ಚಳದೊಂದಿಗೆ. ಎರಡನೆಯ ಗಾಳಿಗೆ ಒಂದೂವರೆ ಇಂಚಿನ ಎರಡು ಪೈಪು: ಮುಂದಿನ ಮುಚ್ಚಳದಿಂದ ಒಳಹೊಕ್ಕು ಡ್ರಮ್ಮಿನ ಎಡಬಲ ಗೋಡೆಗುಂಟ, ಇಟ್ಟಿಗೆಯ ಮೇಲಂಚಿನಲ್ಲಿ ಸಾಗಲಿ. ಒಳತುದಿ ಮುಚ್ಚಿ, ಉರಿಯ ಕಡೆಗೆ ತಲಾ 20 ತೂತು, 8 ಮಿ.ಮೀ. ಪೈಪಿನೊಳಗೆ ಕಾದು ಬಂದ ಗಾಳಿ ಹೊಗೆಗೆ ಸಿಕ್ಕಿದಾಗ ತೂತುಗಳ ಬಾಯಲ್ಲಿ ಸಣ್ಣ ಸಣ್ಣ ನಾಲಗೆಯಂತೆ ಉರಿ ಏಳುತ್ತದೆ. ಅದು ಕಂಡರೆ ಒಲೆ ಸರಿಯಾಗಿದೆ ಎಂದೇ ಅರ್ಥ. ಈ ಪೈಪುಗಳು ಸುಟ್ಟು ಸವೆಯುವ ವಸ್ತು. ಬೆಸುಗೆ ಹಾಕದೆ ಎಳೆದು ತೆಗೆಯುವಂತೆ ಇಡಿ, ಒಂದೆರಡು ವರ್ಷಕ್ಕೆ ಬದಲಿಸಬೇಕಾಗುತ್ತದೆ.

ಕೊಳವೆಯ ಓಟ ಮತ್ತು ಚಿಮಣಿ

6 ಇಂಚಿನ 8 ಮೀಟರ್ ಕೊಳವೆಗೆ 3.8 ಚದರ ಮೀಟರ್ ಮೈ ಇದೆ. ಸರಾಸರಿ 150 ಡಿಗ್ರಿ ಕಾದರೆ ಅದೊಂದೇ 7 ಕಿಲೋವ್ಯಾಟ್ ಬಿಡುತ್ತದೆ, ಹತ್ತಿರ ಹತ್ತಿರ ಡ್ರಮ್ಮಿನಷ್ಟೇ. 2 ಮೀಟರ್ ಕೊಳವೆ ಇಟ್ಟು ಚಿಮಣಿ ಮೇಲೆತ್ತಿದವರು ಕಳೆದುಕೊಳ್ಳುತ್ತಿರುವುದು ಇದನ್ನೇ.

ಮನೆಯ ನಡುದಾರಿಯ ಪಕ್ಕದಲ್ಲಿ, ಡ್ರಮ್ಮಿನ ಹೊಗೆ ತೂತಿನ ಮಟ್ಟದಿಂದ ಶುರುಮಾಡಿ ಮೀಟರಿಗೆ 3-4 ಸೆಂ.ಮೀ. ಏರಿಸುತ್ತ ಹೋಗಿ. ಏರು ಇಲ್ಲದಿದ್ದರೆ ಹೊಗೆ ತಡವರಿಸುತ್ತದೆ. ಜೋಡಣೆಯಲ್ಲಿ ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಕೂರಬೇಕು. ಆಗ ಒಳಗೆ ಇಳಿಯುವ ಟಾರಿನಂಥ ಕಪ್ಪು ರಸ ಡ್ರಮ್ಮಿಗೆ ಹಿಂದಿರುಗಿ ಸುಟ್ಟುಹೋಗುತ್ತದೆ. ತಿರುಗಾಮುರುಗ ಜೋಡಿಸಿದರೆ ಪ್ರತಿ ಕೀಲಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ.

8 ಮೀಟರ್ ಕಬ್ಬಿಣ ಕಾದಾಗ ಒಂದೂವರೆಯಿಂದ ಎರಡು ಸೆಂಟಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಬಿಗಿದರೆ ಡ್ರಮ್ಮಿನ ಹಿಂದಿನ ಬೆಸುಗೆ ಸೀಳುತ್ತದೆ, ಆ ಸೀಳಿನಿಂದಲೇ ಹೊಗೆ ಅಡಿಕೆಗೆ ಹೋಗುವುದು. ಕೊಳವೆಯನ್ನು ಆಂಗಲಿನ ತೊಟ್ಟಿಲುಗಳ ಮೇಲೆ ಜಾರುವಂತೆ ಇಡಿ, ಚಿಮಣಿಯ ಟೀ ಹತ್ತಿರ 5 ಸೆಂ.ಮೀ. ಜಾರುವ ಕೀಲು ಕೊಡಿ.

ತಟ್ಟಿಗಳಿಂದ ಕೊಳವೆಗೆ ಕನಿಷ್ಠ 2 ಅಡಿ ದೂರವಿರಲಿ. ಉದುರಿದ ಅಡಿಕೆ, ಸಿಪ್ಪೆ ಕೊಳವೆಯ ಮೇಲೆ ಬಿದ್ದು ಹೊಗೆಯಾಡದಂತೆ ಮೇಲೊಂದು ವೆಲ್ಡ್‌ಮೆಶ್ ಪಂಜರ ಹಾಕಿ. ಪ್ಲಾಸ್ಟಿಕ್ ಶೀಟಿಗೂ ಕೊಳವೆಗೂ ಒಂದೂವರೆ ಅಡಿ ಅಂತರ ಕಡ್ಡಾಯ. ಡ್ರಮ್ಮಿನ ಎಡಬಲಕ್ಕೆ, ಶೀಟಿನ ಕಡೆ, ಎರಡಿಂಚು ಸಂದು ಬಿಟ್ಟು ಎರಡು ಹಾಳೆ ತಗಡು ನಿಲ್ಲಿಸಿದರೆ ಶೀಟು ಉಳಿಯುತ್ತದೆ.

ಚಿಮಣಿ ಹೊರಗೆ ಹೋಗುವಲ್ಲಿ 2 × 2 ಅಡಿ ತಗಡಿನ ನಡುವೆ ತೂತು ಮಾಡಿ, ಶೀಟನ್ನು ಆ ತಗಡಿನ ಅಂಚಿಗೆ ಕಟ್ಟಿ. ತುದಿ ಮನೆಯ ನೆತ್ತಿಗಿಂತ 3 ಅಡಿಯಾದರೂ ಮೇಲಿರಲಿ, ಮೇಲೆ ಮಳೆಟೋಪಿ, ಅದರ ಕೆಳಗೆ 12 ಮಿ.ಮೀ. ಕಣ್ಣಿನ ಬಲೆ. ಒಣ ಸೋಗೆ, ಹಾಳೆ ಉರಿಸಿದಾಗ ಹಾರುವ ಕಿಡಿ ಶೀಟಿನ ಮೇಲೆ ಕೂತು ಕಾಳಿನ ಗಾತ್ರದ ತೂತು ಮಾಡುತ್ತದೆ. ಬಿಸಿಲಲ್ಲಿ ಒಳಗೆ ನಿಂತು ನೋಡಿದರೆ ನಕ್ಷತ್ರದ ಹಾಗೆ ಕಾಣುತ್ತವೆ. ಮಸಿ ಕಟ್ಟಿ ಬಲೆ ಮುಚ್ಚಿಕೊಳ್ಳುವುದರಿಂದ ವಾರಕ್ಕೊಮ್ಮೆ ಬಡಿಯಬೇಕು.

ಬಣ್ಣ: ಕಪ್ಪು, ಹೊಳಪಿಲ್ಲದ್ದು. ಚೆಂದಕ್ಕೆಂದು ಬೆಳ್ಳಿ ಬಣ್ಣ ಬಳಿದರೆ ಡ್ರಮ್ಮು ಸೂಸುವ ಬಿಸಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಉರಿ ಬಯಲಲ್ಲಿ

ಡ್ರಮ್ಮಿನ ಹಳೆ ಬಣ್ಣ, ಕೊಳವೆಯ ಎಣ್ಣೆ ಸುಟ್ಟ ವಾಸನೆ ಅಡಿಕೆಗೆ, ಅದಕ್ಕೂ ಹೆಚ್ಚಾಗಿ ಮೆಣಸಿಗೆ ಹಿಡಿಯುತ್ತದೆ. ಜೋಡಿಸುವ ಮೊದಲು ಬಯಲಲ್ಲಿಟ್ಟು ಎರಡು ಸಲ, ತಲಾ ಎರಡು-ಮೂರು ಗಂಟೆ ಉರಿಸಿ. ಮೊದಲ ಸಲ ಸಣ್ಣ ಉರಿ, ಬೆಂಕಿ ಮಣ್ಣಿನ ನೀರು ನಿಧಾನಕ್ಕೆ ಆರಬೇಕು. ಜೋಡಿಸಿದ ಮೇಲೆ ರಾತ್ರಿ ಹೊತ್ತು ಡ್ರಮ್ಮಿನೊಳಗೆ ಬ್ಯಾಟರಿ ದೀಪ ಇಟ್ಟು ಮನೆಯೊಳಗೆ ಕತ್ತಲಲ್ಲಿ ನಿಲ್ಲಿ; ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲಿ ಹೊಗೆ ಬರುತ್ತದೆ. ಸಣ್ಣ ಸಂದಿಗೆ ಬೆಂಕಿ ಮಣ್ಣು, ದೊಡ್ಡದಕ್ಕೆ ಬೆಸುಗೆ.

ಮಳೆಗಾಲದ ತಣ್ಣನೆ ಚಿಮಣಿ ಮೊದಲ ಹತ್ತು ನಿಮಿಷ ಹೊಗೆ ಎಳೆಯುವುದಿಲ್ಲ, ಬಾಯಿಂದಲೇ ಹಿಂದಕ್ಕೆ ಬರುತ್ತದೆ. ಟೀಯ ಬಿರಡೆ ತೆಗೆದು, ಅಲ್ಲಿ ಒಂದು ಒಣ ಅಡಿಕೆ ಹಾಳೆ ಹೊತ್ತಿಸಿ ಚಿಮಣಿ ಬೆಚ್ಚಗಾದ ಮೇಲೆ ಬಿರಡೆ ಹಾಕಿ, ಆಮೇಲೆ ಒಲೆ ಹಚ್ಚಿ. ಕೊಳವೆ ಉದ್ದವಾಯಿತೆಂದು ದೂರುವವರ ತೊಂದರೆಯಲ್ಲಿ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ.

ಗಾಳಿ ಹೊರಗೆ ಹೋಗಲಿ

ಬೆಳಿಗ್ಗೆ ಪಾಲಿಹೌಸ್ ಬಾಗಿಲು ತೆರೆದಾಗ ಕನ್ನಡಕ ಮಬ್ಬಾಗುತ್ತದೆಯೇ? ಶೀಟಿನ ಒಳಮೈಯಿಂದ ಹನಿ ಬೀಳುತ್ತಿದೆಯೇ? ಹಾಗಿದ್ದರೆ ರಾತ್ರಿಯಿಡೀ ಸೌದೆ ಸುಟ್ಟದ್ದು ಅಡಿಕೆಯ ನೀರನ್ನು ಆವಿ ಮಾಡಿ ಮತ್ತೆ ಅಡಿಕೆಯ ಮೇಲೇ ಸುರಿಯುವುದಕ್ಕೆ.

ಕೆಳಗೆ, ಒಲೆಯ ತುದಿಯಲ್ಲಿ, ಎಡಬಲಕ್ಕೆ ಎರಡೆರಡು ಒಳಗಿಂಡಿ, ತಲಾ 30 × 20 ಸೆಂ.ಮೀ. ಹೊರಗಿನ ಗಾಳಿ ಡ್ರಮ್ಮನ್ನು ಸವರಿಕೊಂಡೇ ಒಳಗೆ ಬರಬೇಕು. ಎದುರು ತುದಿಯ ನೆತ್ತಿಯಲ್ಲಿ 12 ಇಂಚಿನ ಎಗ್ಸಾಸ್ಟ್ ಫ್ಯಾನು. ಗಂಟೆಗೆ 1000-1500 ಘನ ಮೀಟರ್ ಎಳೆಯುವುದು ಸಾಕು. ಮಳೆಗಾಲದ ತಂಪು ಗಾಳಿಯನ್ನು 15 ಡಿಗ್ರಿ ಕಾಯಿಸಿದರೆ ಒಂದು ಕೆ.ಜಿ. ಗಾಳಿ ಹೊತ್ತೊಯ್ಯುವುದು 4 ಗ್ರಾಂ ನೀರು ಮಾತ್ರ, ಆದ್ದರಿಂದಲೇ ಇಷ್ಟು ಗಾಳಿ ಬೇಕು. ಫ್ಯಾನು ಹಾಕಿ ಕಿಂಡಿ ಮುಚ್ಚಿದರೆ ಮನೆ ಗಾಳಿಗಾಗಿ ಕೊಳವೆಯ ಸಂದುಗಳಿಂದ ಹೊಗೆ ಹೀರುತ್ತದೆ. ಊದುಬತ್ತಿಯನ್ನು ಕೀಲುಗಳ ಹತ್ತಿರ ಹಿಡಿದರೆ ಹೊಗೆ ಯಾವ ಕಡೆ ವಾಲುತ್ತದೆಂದು ಗೊತ್ತಾಗುತ್ತದೆ.

ಕರೆಂಟು ಹೋಗುವುದು ಮಲೆನಾಡಿನಲ್ಲಿ ಮಾಮೂಲು. ಆದ್ದರಿಂದ ನೆತ್ತಿಯಲ್ಲಿ 2 × 1 ಅಡಿಯ, ಹಗ್ಗದಿಂದ ಎಳೆಯುವ ಒಂದು ಕಿಂಡಿ ಫ್ಯಾನಿನ ಹೊರತಾಗಿಯೂ ಇರಲಿ. ಬಿಸಿ ಗಾಳಿ ತಾನಾಗಿ ಏರಿ ಹೋಗುತ್ತದೆ.

ತೇವದ ಮೀಟರನ್ನು ತಟ್ಟಿಯ ಎತ್ತರಕ್ಕೆ, ಒಲೆಯಿಂದ ದೂರದ ತುದಿಗೆ ತೂಗಿಹಾಕಿ. 70% ದಾಟಿದರೆ ಫ್ಯಾನು ಹಾಕಿ, 45ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ. ಮೊದಲ ಎರಡು ದಿನ ನೀರು ಹೆಚ್ಚು ಬರುತ್ತದೆ, ಫ್ಯಾನು ಬಿಡದೆ ಓಡಬೇಕು. ಮೂರನೆಯ ದಿನದಿಂದ ಗಂಟೆಗೆ ಹತ್ತು-ಹದಿನೈದು ನಿಮಿಷ ಸಾಕಾಗುತ್ತದೆ. ಮೊದಲ ದಿನವೇ 60 ಡಿಗ್ರಿ ಮೇಲೆ ಕಾಯಿಸಿದರೆ ಅಡಿಕೆಯ ಮೇಲ್ಮೈ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಬೀಳುತ್ತದೆ. ಒಡೆದು ನೋಡಿದರೆ ನಡುವೆ ಮೆತ್ತಗೆ. ಏಲಕ್ಕಿಯನ್ನು 50 ಡಿಗ್ರಿಯ ಒಳಗೇ ಇಡಿ, ಇಲ್ಲದಿದ್ದರೆ ಹಸಿರು ಹೋಗುತ್ತದೆ. ಮೆಣಸು 55ರವರೆಗೆ ತಡೆಯುತ್ತದೆ.

ಸೌದೆ, ಮತ್ತು ಹಾಕುವ ರೀತಿ

ಹಸಿ ಸೌದೆಯಲ್ಲಿ ಅರ್ಧ ನೀರೇ. ಕೆ.ಜಿ.ಗೆ ಸಿಗುವ ಶಾಖ 15ರಿಂದ 8 ಮೆಗಾಜೂಲಿಗೆ ಇಳಿಯುತ್ತದೆ, ಹೊಗೆ ತಣ್ಣಗಾಗಿ ಕೊಳವೆಯಲ್ಲಿ ಟಾರು ಕಟ್ಟುತ್ತದೆ. ಅಕೇಶಿಯಾ, ಸಿಲ್ವರ್ ಓಕ್ ಏನೇ ಇರಲಿ, ಬೇಸಿಗೆಗೆ ಮೊದಲೇ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಮಾರ್ಚ್-ಏಪ್ರಿಲ್ ಬಿಸಿಲು ಕುಡಿಸಿ, ಜೂನ್ ಒಳಗೆ ಮಾಡಿನ ಕೆಳಗೆ ಸೇರಿಸಿ. ಅಡಿಕೆ ಸಿಪ್ಪೆ ಒಂದನ್ನೇ ತುಂಬಿದರೆ ಗಾಳಿಗೆ ದಾರಿ ಇರುವುದಿಲ್ಲ, ಬರೀ ಹೊಗೆ. ಉರಿಯುವ ಸೌದೆಯ ಮೇಲೆ ಸ್ವಲ್ಪ ಸ್ವಲ್ಪ ಹಾಕಬಹುದು. ತೆಂಗಿನ ಚಿಪ್ಪು ಅತಿ ಉರಿ, ಡ್ರಮ್ಮು ಕೆಂಪಾಗುತ್ತದೆ. ಒಂದು ಸಲಕ್ಕೆ ಒಂದು ಬುಟ್ಟಿಗಿಂತ ಹೆಚ್ಚು ಬೇಡ.

ಅರ್ಧ ಗಂಟೆಗೊಮ್ಮೆ 3 ಕೆ.ಜಿ. ಹಾಕಿ, ಗಾಳಿ ಬಿಟ್ಟು, ಚುರುಕಾಗಿ ಉರಿಸಿ. ದೊಡ್ಡ ಕುಂಟೆ ತುಂಬಿ, ಕಿಂಡಿ ಮುಚ್ಚಿ, ಬೆಳಗಿನವರೆಗೆ ಹೊಗೆಯಾಡಲು ಬಿಡುವುದು ಸುಲಭ ಕಂಡರೂ ಸೌದೆಯ ಅನಿಲವೆಲ್ಲ ಉರಿಯದೆ ಹೋಗುತ್ತದೆ, ಕೊಳವೆ ತುಂಬ ಟಾರು. ನಿದ್ದೆಗೆಡಲು ಆಗದಿದ್ದರೆ ಸಂಜೆ ಐದರಿಂದ ಹನ್ನೊಂದರವರೆಗೆ ಚೆನ್ನಾಗಿ ಉರಿಸಿ ನಿಲ್ಲಿಸಿ, ನೆತ್ತಿಯ ಕಿಂಡಿ ನಾಲ್ಕು ಬೆರಳು ತೆರೆದಿಟ್ಟು ಮಲಗಿ. ಬೇಯಿಸಿದ ಮೊದಲ ಎರಡು ರಾತ್ರಿ ಮಾತ್ರ ಈ ಸಡಿಲಿಕೆ ಇಲ್ಲ, ಆಗ ಯಾರಾದರೂ ಎದ್ದಿರಲೇಬೇಕು.

ಏನೇ ಆದರೂ ಕೆಂಡದ ಬಾಂಡಲಿ ಒಳಗಿಡಬೇಡಿ. ಮುಚ್ಚಿದ ಪ್ಲಾಸ್ಟಿಕ್ ಮನೆಯಲ್ಲಿ ಕೆಂಡದ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅಡಿಕೆ ಮಗುಚಲು ಹೋದವರು ಅಲ್ಲೇ ಕುಸಿಯುತ್ತಾರೆ.

ಇರುವ ಒಲೆಯನ್ನು ಸುಧಾರಿಸಲು

ಮೊದಲು ಕೊಳವೆ ಮನೆ ಬಿಡುವ ಜಾಗದಲ್ಲಿ, ಚುರುಕು ಉರಿಯಿರುವಾಗ, ನಾಲ್ಕು ಹನಿ ನೀರು ಚಿಮುಕಿಸಿ, ದೋಸೆ ಕಾವಲಿಗೆ ಚಿಮುಕಿಸುವ ಹಾಗೆ. ಚುಂಯ್ ಎಂದು ಕುದಿದು ಆರಿದರೆ ಸರಿ, ಮೈ 100-130ರ ನಡುವೆ ಇದೆ. ಹನಿ ಮುತ್ತಾಗಿ ಉರುಳಿ ಓಡಿದರೆ 200ರ ಹತ್ತಿರವೋ ಮೇಲೋ ಇದೆ, ಬಿಸಿ ಆಕಾಶಕ್ಕೆ ಹೋಗುತ್ತಿದೆ: ಅಡ್ಡಹಲಗೆ ಹಾಕಿ ಅಥವಾ ಕೊಳವೆ ಉದ್ದ ಮಾಡಿ ಅಥವಾ ಗಾಳಿಕಿಂಡಿ ಸ್ವಲ್ಪ ಮುಚ್ಚಿ. ಹನಿ ಕುದಿಯದೆ ಸುಮ್ಮನೆ ಹಬೆಯಾಡಿದರೆ ಕೊಳವೆ ತೀರಾ ತಣ್ಣಗಿದೆ, ಟಾರು ಕಟ್ಟುತ್ತದೆ: ಸೌದೆ ಹಸಿಯಿದೆ ಅಥವಾ ಗಾಳಿ ಸಾಲದು.

ಆಮೇಲೆ ಪ್ಲಾಸ್ಟಿಕ್. ಸಂಜೆ ಶೀಟಿನ ಮೇಲೆ, ಅಥವಾ ಒಳಗೆ ಕಮಾನಿನಿಂದ ತೂಗಿಬಿಟ್ಟು, ಎರಡನೆಯ ಪದರ ಎಳೆದರೆ ಹೊದಿಕೆಯ ಸೋರಿಕೆ ಮೂರನೇ ಒಂದು ಭಾಗದಷ್ಟಾದರೂ ಕಡಿಮೆಯಾಗುತ್ತದೆ. ಎರಡು ಪದರದ ನಡುವೆ ಎರಡು-ಮೂರು ಇಂಚು ಗಾಳಿ ಇರಬೇಕು, ಅಂಟಿಕೊಂಡರೆ ಪ್ರಯೋಜನವಿಲ್ಲ. ಹಳೆ ಟಾರ್ಪಾಲು ಸಾಕು, ಚಿಮಣಿಯ ಸುತ್ತ 3 ಅಡಿ ಬಿಟ್ಟು. ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಹೆಚ್ಚು ಸೌದೆ ಉಳಿಸುವ ಕೆಲಸ ಇನ್ನೊಂದಿಲ್ಲ, ಆದರೂ ಮಾಡುವವರು ಕಡಿಮೆ.

ಮೂರನೆಯದು, ಡ್ರಮ್ಮಿನ ಹಿಂದೆ ನೆಲಮಟ್ಟದಲ್ಲಿ ಒಂದು ಫ್ಯಾನು ಇಟ್ಟು ಕೊಳವೆಯ ಉದ್ದಕ್ಕೂ ಗಾಳಿ ಬೀಸಿಸಿ. ಬಿಸಿಯೆಲ್ಲ ನೆತ್ತಿಗೇರಿ ಕೆಳಗಿನ ತಟ್ಟಿ ಹಸಿಯಾಗಿಯೇ ಉಳಿಯುವುದು ತಪ್ಪುತ್ತದೆ.

ಬಿಸಿ ಕೂಡಿಡಲು ಕೊಳವೆಯ ಕೆಳಗೆ ಜಲ್ಲಿ ತುಂಬಿಸುವ ಸಲಹೆ ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ: ಒಂದು ಘನ ಮೀಟರ್, ಅಂದರೆ ಒಂದೂವರೆ ಟನ್ ಜಲ್ಲಿಯನ್ನು 30 ಡಿಗ್ರಿ ಕಾಯಿಸಿದರೆ ಅದರಲ್ಲಿ ನಿಲ್ಲುವ ಶಾಖ 36 ಮೆಗಾಜೂಲ್, ಈ ಒಲೆಯ 4 ಕೆ.ಜಿ. ಸೌದೆಗೆ ಸಮ. ಅದಕ್ಕೆ ಟ್ರ್ಯಾಕ್ಟರ್ ಬಾಡಿಗೆ ಕೊಡುವುದು ಬೇಡ.

ಹದಿನೈದು ದಿನಕ್ಕೊಮ್ಮೆ ಕೊಳವೆ ಗೀರಿ ಮಸಿ ತೆಗೆಯಿರಿ. 3 ಮಿ.ಮೀ. ಮಸಿ ಕಂಬಳಿ ಹೊದಿಸಿದಂತೆ ಬಿಸಿ ತಡೆಯುತ್ತದೆ. ಹೊಳೆಯುವ ಗಟ್ಟಿ ಕಪ್ಪು ಪದರ ಕಂಡರೆ ಅದು ಟಾರು, ಹೊತ್ತಿಕೊಂಡರೆ ಚಿಮಣಿಯೊಳಗೇ ಬೆಂಕಿ. ಗೊರಗೊರ ಸದ್ದು ಬಂದು ಕೊಳವೆ ಕೆಂಪಾದರೆ ಎಲ್ಲ ಗಾಳಿಕಿಂಡಿ ಮುಚ್ಚಿ, ನೀರು ಮಾತ್ರ ಸುರಿಯಬೇಡಿ. ಕಾದ ಕಬ್ಬಿಣ ಬಿರಿಯುತ್ತದೆ, ಹಬೆ ಮೈ ಸುಡುತ್ತದೆ.

ಹಂಗಾಮು ಮುಗಿದ ದಿನವೇ ಬೂದಿ ಪೂರ್ತಿ ಬಳಿದು ತೆಗೆಯಿರಿ. ಬೂದಿ ಮಳೆಗಾಲದ ತೇವ ಹೀರಿಕೊಂಡು ಡ್ರಮ್ಮಿನ ತಳವನ್ನು ಬೆಂಕಿಗಿಂತ ಬೇಗ ತಿನ್ನುತ್ತದೆ. ಅಡಿಕೆ ತೋಟಕ್ಕೆ ಹಾಕಿ, ಒಳ್ಳೆಯ ಪೊಟ್ಯಾಷ್. ಚಿಮಣಿಯ ಬಾಯಿಗೆ ಡಬ್ಬಿ ಕವುಚಿ, ಕೊಳವೆ ಬಿಚ್ಚಿ ಒಣ ಜಾಗದಲ್ಲಿ ಜೋಡಿಸಿಡಿ. ತುಕ್ಕು ಹಿಡಿಯದಿರಲು ಎಣ್ಣೆ ಸವರಿಟ್ಟಿದ್ದರೆ, ಮುಂದಿನ ವರ್ಷ ಅಡಿಕೆ ಹಾಕುವ ಮೊದಲು ಒಂದು ಸಲ ಖಾಲಿ ಮನೆಯಲ್ಲಿ, ಕಿಂಡಿಗಳನ್ನೆಲ್ಲ ತೆರೆದು, ಎರಡು ಗಂಟೆ ಉರಿಸಿ.